ತೋಪಿನ ಬಿಡಿಭಾಗಗಳು

ನಮ್ಮೂರ ಕೋಟೆಯ ಮುಂದೆ ಖಾನಾವಳಿ ನಡೆಸುವವಳು ನಾನು, ಕಾಶವ್ವ. ಬಾಯಿ ಜೋರು ಅಂತ ಊರಲ್ಲಿ ಹೆಸರಿದೆ. ಇರಲಿ. ಊರಾಳುವ ಮಂಡಳಿಯ ದೊಡ್ಡವರ ಮುಂದೆ ಉಳಿದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ನಿಂತಾಗ ಒಬ್ಬರಾದರೂ ಜೋರಾಗಿ ಮಾತಾಡಬೇಕಾಗುತ್ತದೆ. ನನಗೆ ಸಿಟ್ಟು ಬಂದಿದೆ, ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಆ ಸಿಟ್ಟಿನಲ್ಲೇ ಹೇಳುತ್ತಿದ್ದೇನೆ.

ಕೋಟೆಯ ಖರ್ಚಿಗೆ ಮಂಡಳಿ ವರ್ಷಕ್ಕೊಂದು ಮಿತಿ ಹಾಕುತ್ತದೆ. ಖರ್ಚು ಆ ಮಿತಿ ಮುಟ್ಟಿದ ದಿನ ಖಜಾನೆಯ ಮಾಳಿಗೆಯ ಮೇಲಿನ ಗಂಟೆ ತಾನಾಗಿಯೇ ಬಡಿದುಕೊಳ್ಳುತ್ತದೆ. ಆಗ ಕೋಟೆಗೆ ಸೇರಿದ್ದು ಎಲ್ಲೆಲ್ಲಿದೆಯೋ ಅಲ್ಲಲ್ಲೇ ನಿಲ್ಲುತ್ತದೆ. ಬಂಡಿಯ ಗಾಲಿ ಉರುಳುವುದಿಲ್ಲ, ಕುದುರೆ ಹೆಜ್ಜೆ ಎತ್ತುವುದಿಲ್ಲ, ಸಿಪಾಯಿಯ ಪಾದ ನೆಲ ಬಿಡುವುದಿಲ್ಲ. ಕೈ ಆಡುತ್ತದೆ, ಬಾಯಿ ಆಡುತ್ತದೆ, ಹೊಟ್ಟೆ ಹಸಿಯುತ್ತದೆ, ಪಾದ ಮಾತ್ರ ಕದಲುವುದಿಲ್ಲ. ಹತ್ತು ಜನ ಹಿಡಿದು ಎಳೆದರೂ ಅಷ್ಟೇ. ದೀಪಾವಳಿ ಪಾಡ್ಯದಂದು ಹೊಸ ಲೆಕ್ಕದ ಗಂಟೆ ಆಗಬೇಕು, ಇಲ್ಲವೇ ಖಜಾನೆಯವರು ಮುದ್ರೆ ಒತ್ತಿದ ಹುಕುಂ ಓದಬೇಕು. ಅಲ್ಲಿಯವರೆಗೆ ಅವರು ಹಾಗೇ.

ನಾವು ಇದಕ್ಕೆ ಹೊಂದಿಕೊಂಡಿದ್ದೆವು. ಸಾಮಾನ್ಯವಾಗಿ ಮಿತಿ ಮುಟ್ಟುತ್ತಿದ್ದದ್ದು ದಸರೆ ಕಳೆದ ಮೇಲೆ. ಆ ದಿನಗಳು ಹತ್ತಿರ ಬಂದವೆಂದರೆ ಸಿಪಾಯಿಗಳೆಲ್ಲ ಏನಾದರೊಂದು ನೆವ ಹೇಳಿ ಮನೆಯ ಆಸುಪಾಸಿನಲ್ಲೇ ಸುಳಿಯುತ್ತಿದ್ದರು. ಹೆಂಡಿರು ಅಂಗಳದಲ್ಲಿ ಮೊದಲೇ ಒಂದು ಸ್ಟೂಲು, ಒಂದು ಪರದೆ, ಒಂದು ಮಡಕೆ ತಯಾರಿಟ್ಟುಕೊಳ್ಳುತ್ತಿದ್ದರು. ಒಂದು ವರ್ಷ ಕೋಟೆಯ ಅಡುಗೆಯವನು ನಮ್ಮ ಓಣಿಯ ಬಾವಿಯ ಮೆಟ್ಟಿಲ ಮೇಲೆ ಸಿಕ್ಕಿಹಾಕಿಕೊಂಡ. ನೀರಿಗೆ ಬಂದ ಹೆಂಗಸರು ಕೊಡ ಅವನ ಕೈಗೇ ಕೊಟ್ಟು ತುಂಬಿಸಿಕೊಂಡು ಹೋಗುತ್ತಿದ್ದರು. ಪಾಡ್ಯ ಬಂದು ಅವನು ಹೊರಟುಹೋದಾಗ ನಮಗೆಲ್ಲ ಕೈ ಮುರಿದಂತಾಯಿತು. ನನ್ನ ತಮ್ಮ ದ್ಯಾಮಣ್ಣನಂತೂ ಪ್ರತಿ ವರ್ಷ ಸರಿಯಾಗಿ ನನ್ನ ಖಾನಾವಳಿಯ ಒಲೆಯ ಹತ್ತಿರವೇ ನಿಲ್ಲುತ್ತಿದ್ದ. ಬಿಸಿ ರೊಟ್ಟಿ ಕೈಗೆಟಕುವ ಜಾಗ. ಅಪ್ಪ ಅವ್ವ ಹೋದ ಮೇಲೆ ಅವನನ್ನು ಸಾಕಿದವಳು ನಾನು, ಅವನ ಕಳ್ಳಾಟ ನನಗೆ ಗೊತ್ತಿರದೇನು.

ಮಿತಿಯೇ ಬೇಡ ಅನ್ನುವವಳಲ್ಲ ನಾನು. ಮಿತಿ ಇರದ ಕಾಲದಲ್ಲಿ ಕೋಟೆ ಇಡೀ ಊರನ್ನು ತಿಂದುಹಾಕಿತ್ತು. ಹೊಳೆಯ ಆಚೆ ದಂಡೆಯವರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅಂತ ಹೆದರಿಸಿ ಹೆದರಿಸಿ ಆಸ್ಪತ್ರೆಗೆ ಡಾಕ್ಟರನ್ನು ಕೊಡಲಿಲ್ಲ, ಸಾಲೆಗೆ ಹಂಚು ಕೊಡಲಿಲ್ಲ. ಆಚೆ ದಂಡೆಯವರು ಒಂದು ದಿನವೂ ಬರಲಿಲ್ಲ. ಹಾಗಾಗಿ ಮಿತಿ ಬಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನೇ. ಮಿತಿ ಹಾಕಿದರೆ ದೊಡ್ಡವರು ತಮ್ಮ ಶೋಕಿ ಕಡಿಮೆ ಮಾಡುತ್ತಾರೆ ಅಂದುಕೊಂಡಿದ್ದೆವು. ದೊಡ್ಡವರನ್ನು ನಾವು ಅಷ್ಟು ಕಡಿಮೆ ಬಲ್ಲವರಾಗಿದ್ದೆವು.

ಆ ವರ್ಷ ತೋಪು ಬಂತು. ಹಿತ್ತಾಳೆಯ ತೋಪು, ಬಾಯಿಯ ಸುತ್ತ ಕಮಲದ ಎಸಳು, ಬೆನ್ನ ಮೇಲೆ ಎರಡು ಮೊಸಳೆಗಳ ಹಿಡಿಕೆ. ಮಂಡಳಿಯವರು ಅದರ ಪಕ್ಕ ನಿಂತು ಮೀಸೆ ತಿರುವಿದ್ದೇ ತಿರುವಿದ್ದು. ಮಿತಿಯೊಳಗೆ ಇಷ್ಟು ದೊಡ್ಡ ತೋಪು ಹೇಗೆ ಹಿಡಿಸಿತು ಅಂತ ನಾನು ಗುರುಪಾದಪ್ಪನವರನ್ನು ಕೇಳಿದೆ. ಅವರು ಖಜಾನೆಯ ಮುಖ್ಯಸ್ಥರು. ಮನೆಯಲ್ಲಿ ಪಥ್ಯದ ಊಟ, ಹಾಗಾಗಿ ಮಧ್ಯಾಹ್ನ ನನ್ನಲ್ಲಿಗೆ ಬಂದು ಖಾರ ತಿಂದು ಹೋಗುವರು. ಕೆಟ್ಟ ಮನುಷ್ಯರೆಂದು ಹೇಳಲಾರೆ. ತಿಂದದ್ದಕ್ಕೆ ದುಡ್ಡು ಕೊಡುವರು, ತಲೆ ತಗ್ಗಿಸಿ ಮಾತಾಡುವರು. ಇಂಥವರ ಮೇಲೆ ಸಿಟ್ಟು ಮಾಡುವುದು ಬಲು ಕಷ್ಟ.

"ತೋಪು ಆಸ್ತಿ ಬಾಬತ್ತಿನಾಗ ಬರ್ತೈತಿ ಕಾಶವ್ವಾ," ಅಂದರು, ಬದನೆಕಾಯಿ ಎಣ್ಣೆಗಾಯಿಗೆ ರೊಟ್ಟಿ ಅದ್ದುತ್ತ. "ಸಿಪಾಯಿ ಖರ್ಚಿನ ಬಾಬತ್ತು. ಆಸ್ತಿ ಅಂದ್ರ ಉಳಿಯೂದು. ಖರ್ಚು ಅಂದ್ರ ಹೋಗೂದು. ಮಿತಿ ಒಂದ ಐತಿ. ಹಿಂಗಾಗಿ ಉಳಿಯೂದನ್ನ ಉಳಿಸಿಕೊಂಡು ಹೋಗೂದನ್ನ ಕಡಿಮಿ ಮಾಡೇವಿ."

ಕಡಿಮೆ ಮಾಡಿದ್ದೇನು ಅಂದರೆ, ಸಿಪಾಯಿಗಳ ಹೊಸ ಬೂಟು. ಸಂಜೆಯ ಅಂಬಲಿ. ಕೋಟೆಯ ಡಾಕ್ಟರು. ಕೊನೆಗೆ ತೋಪಿಗೆ ಹಾಕುವ ಗುಂಡು ಮತ್ತು ಮದ್ದು, ಯಾಕೆಂದರೆ ಗುಂಡು ಒಮ್ಮೆ ಹಾರಿಸಿದರೆ ಮುಗಿಯಿತು, ಅದೂ ಖರ್ಚೇ. ಅಷ್ಟಕ್ಕೂ ಸಾಲದೆ ತೋಪು ಎಳೆಯುವ ಎತ್ತುಗಳನ್ನು ಸಂತೆಯಲ್ಲಿ ಮಾರಿಬಿಟ್ಟರು. ಎತ್ತು ಮೇವು ತಿನ್ನುತ್ತದೆ ನೋಡಿ. ಎತ್ತಿನ ಬದಲು ಏಳು ಸಿಪಾಯಿಗಳನ್ನು ಆರಿಸಿ ತೋಪಿನ ಹಗ್ಗಕ್ಕೆ ಕಟ್ಟಿದರು. ಆ ಏಳರಲ್ಲಿ ನನ್ನ ದ್ಯಾಮಣ್ಣ ಒಬ್ಬ. ಹಪ್ಪಳದ ಹುಸೇನಬಿಯ ಮಗ ಮೌಲಾಲಿ ಇನ್ನೊಬ್ಬ. ಮೊದಲ ದಿನ ಹೆಗಲು ಕಿತ್ತುಕೊಂಡು ಮನೆಗೆ ಬಂದ ದ್ಯಾಮಣ್ಣನಿಗೆ ಅರಿಸಿನ ಹಚ್ಚುತ್ತ ನಾನು ಮಂಡಳಿಯ ಏಳು ತಲೆಮಾರಿಗೂ ಶಾಪ ಹಾಕಿದೆ. ಅವನು ನಗುತ್ತಿದ್ದ. "ಗುಂಡಿಲ್ಲದ ತೋಪಕ್ಕಾ. ಯಾರಿಗೂ ಏನೂ ಆಗೂದಿಲ್ಲ," ಅಂದ.

ಬೇಸಿಗೆಯಲ್ಲಿ ಹೊಳೆ ಬತ್ತಿ ನಡುವೆ ಬರೀ ಮರಳು ಉಳಿದಾಗ ಕಿಲ್ಲೇದಾರರಿಗೆ ಒಂದು ಹುಕಿ ಬಂತು. ಕಿಲ್ಲೇದಾರರೆಂದರೆ ಕೋಟೆಯ ದೊರೆ. ಅವರ ಪಗಾರ ಬೇರೆಯೇ ಬಾಬತ್ತು, ಅವರ ಕಾಲು ಯಾವ ಗಂಟೆಗೂ ನಿಂತದ್ದಿಲ್ಲ. ತೋಪನ್ನು ಹೊಳೆಯ ನಟ್ಟನಡುವೆ ಒಯ್ದು ನಿಲ್ಲಿಸಿದರೆ ಆಚೆ ದಂಡೆಯವರು ನೋಡಿ ಹೆದರುತ್ತಾರಂತೆ. ಏಳು ಜನ ಸುಡುವ ಮರಳಲ್ಲಿ ಅದನ್ನು ಎಳೆದರು. ಕಿಲ್ಲೇದಾರರು ದಂಡೆಯ ಮೇಲೆ ಛತ್ರಿಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ತುತೂರಿ ಊದಿಸಿದರು. ಊರಿನವರು ದಂಡೆಯ ಮೇಲೆ ಸೇರಿದ್ದೆವು. ಆಚೆ ದಂಡೆಯಲ್ಲಿ ಒಬ್ಬ ಅಗಸ ಬಟ್ಟೆ ಒಣಹಾಕುತ್ತಿದ್ದ, ತಲೆ ಎತ್ತಿ ನೋಡಿ ಮತ್ತೆ ತನ್ನ ಕೆಲಸಕ್ಕೆ ಹತ್ತಿದ.

ಆಗ ಗಂಟೆ ಬಡಿದುಕೊಂಡಿತು.

ಯಾರೂ ನಂಬಲಿಲ್ಲ. ಇನ್ನೂ ಕಾರಹುಣ್ಣಿಮೆ ಬಂದಿರಲಿಲ್ಲ. ತೋಪಿನ ಕಡೆಯ ಕಂತು ಅವತ್ತು ಬೆಳಿಗ್ಗೆ ಪಾವತಿಯಾಗಿತ್ತಂತೆ, ಅದರ ಮೇಲೆ ತುತೂರಿಯವರ ಭತ್ತೆ ಸೇರಿ ಮಿತಿ ಮುಟ್ಟಿತ್ತು. ಕೋಟೆಯಲ್ಲಿ ಇದ್ದವರು ಕೋಟೆಯಲ್ಲಿ, ಪೇಟೆಯಲ್ಲಿ ಇದ್ದವರು ಪೇಟೆಯಲ್ಲಿ ನಿಂತರು. ನನ್ನ ತಮ್ಮ ಮತ್ತು ಆರು ಜನ ಹೊಳೆಯ ನಡುವೆ ನಿಂತರು. ಕಿಲ್ಲೇದಾರರು ಕುರ್ಚಿಯಿಂದ ಎದ್ದು ಧೂಳು ಕೊಡವಿ ಮನೆಗೆ ನಡೆದರು. ನಾನು ಸೀರೆ ಎತ್ತಿ ಕಟ್ಟಿ ಮರಳಿಗೆ ಇಳಿದೆ. ದ್ಯಾಮಣ್ಣನ ತೋಳು ಹಿಡಿದು ಎಳೆದೆ. ಗೊತ್ತಿದ್ದೂ ಎಳೆದೆ. "ಬಿಡಕ್ಕಾ, ತೋಳ ಕಿತ್ತ ಬರ್ತಾವು," ಅಂದ. ಈ ಸಲ ನಗಲಿಲ್ಲ.

ಪಾಡ್ಯಕ್ಕೆ ಇನ್ನೂ ತಿಂಗಳುಗಟ್ಟಲೆ ಇತ್ತು, ಮಿರಗದ ಮಳೆ ಬಾಗಿಲಲ್ಲೇ ಇತ್ತು. ಮಳೆ ಶುರುವಾದರೆ ನಮ್ಮ ಹೊಳೆ ಎರಡೂ ದಂಡೆ ಮುಟ್ಟಿ ಹರಿಯುತ್ತದೆ. ತೋಪು ನಿಂತ ಜಾಗದಲ್ಲಿ ಆನೆ ಮುಳುಗುವಷ್ಟು ನೀರು. ಇದು ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಹಾಗಾಗಿ ನಾವು ಅತ್ತು ಕೂರಲಿಲ್ಲ. ಏಳು ಜನಕ್ಕೆ ಏಳು ಸ್ಟೂಲು, ಮೇಲೆ ತೆಂಗಿನ ಗರಿಯ ಚಪ್ಪರ, ಮಣ್ಣಿನ ಹರವಿಯಲ್ಲಿ ನೀರು, ಇಷ್ಟು ಮೊದಲು ಮಾಡಿದೆವು. ಹೊತ್ತು ಹೊತ್ತಿಗೆ ರೊಟ್ಟಿ ಬುತ್ತಿ ಒಯ್ದೆವು. ಹುಸೇನಬಿ ಮಗನಿಗೆ ಬೀಸಣಿಗೆ ಹಾಕುತ್ತ ಅಲ್ಲೇ ಕೂರುವಳು. ಉಳಿದ ಹೊತ್ತೆಲ್ಲ ನಾನು ಖಜಾನೆಯ ಮೆಟ್ಟಿಲು ಹತ್ತುವುದು, ಇಳಿಯುವುದು.

ಗುರುಪಾದಪ್ಪನವರು ಪ್ರತಿ ಸಲ ಕುರ್ಚಿ ಕೊಟ್ಟು ಕೂಡಿಸಿ, ನೀರು ತರಿಸಿ, ಇಲ್ಲ ಅನ್ನುವರು. ಖರ್ಚಿನ ಬಾಬತ್ತು ಮುಗಿದಿದೆ. ಮುಗಿದ ಬಾಬತ್ತಿನಲ್ಲಿ ಹುಕುಂ ಬರೆದರೆ ಮುದ್ರೆ ಕಾಗದಕ್ಕೆ ಅಂಟುವುದೇ ಇಲ್ಲ. ಬೇಕಾದರೆ ನೋಡು ಅಂತ ನನ್ನ ಕಣ್ಣೆದುರೇ ಒತ್ತಿ ತೋರಿಸಿದರು. ಖರೆ, ಕಾಗದ ಹಾಗೇ ಬೆಳ್ಳಗಿತ್ತು. "ಏಳು ಮಂದಿ ನೀರಾಗ ಹೋಗ್ತಾರ ಸಾಹೇಬ್ರ," ಅಂದೆ. "ನನಗ ಗೊತ್ತಿಲ್ಲೇನವಾ? ರಾತ್ರಿ ನಿದ್ದಿ ಬರವಲ್ದು," ಅಂದರು. ನಿದ್ದೆ ಬರದ್ದನ್ನು ನನಗೆ ಹೇಳಿ ಏನು ಬಂತು? ಕಿಲ್ಲೇದಾರರಂತೂ ಬಾಗಿಲಿಗೇ ಬರಲಿಲ್ಲ. ಮಂಡಳಿಯವರು, ಮಿತಿ ಬೇಕು ಅಂದವರು ನೀವೇ ಅಲ್ಲವೇ ಅಂತ ನನ್ನನ್ನೇ ತಿರುಗಿ ಕೇಳಿದರು. ಆ ಮಾತಿಗೆ ಕೈಯಲ್ಲಿದ್ದ ಬುತ್ತಿಯ ಗಂಟನ್ನು ಅವರ ಜಮಖಾನದ ಮೇಲೆ ಒಗೆದು ಬಂದೆ. ಆಮೇಲೆ ದಾರಿಯಲ್ಲಿ ದ್ಯಾಮಣ್ಣನ ಮಧ್ಯಾಹ್ನದ ಊಟ ಹೋಯಿತಲ್ಲ ಅಂತ ಹೊಟ್ಟೆ ಉರಿಯಿತು.

ಮೇಲಿನ ಸೀಮೆಯಲ್ಲಿ ಮಳೆಯಾದ ಸುದ್ದಿ ಬಂತು. ಮರಳಿನ ನಡುವೆ ಒಂದು ತೆಳ್ಳನೆಯ ನೀರಿನ ಎಳೆ ಕಾಣಿಸಿಕೊಂಡಿತು. ಮರುದಿನ ಪಾದ ಮುಳುಗುವಷ್ಟು, ಅದರ ಮರುದಿನ ಮೊಣಕಾಲು. ಆಗ ಮಂಡಳಿ ತುರ್ತಾಗಿ ಸೇರಿತು. ಊರೆಲ್ಲ ಹುಕುಂ ಬಂತಂತೆ, ಹುಕುಂ ಬಂತಂತೆ ಅಂತ ಹೊಳೆಗೆ ಓಡಿತು. ಗುರುಪಾದಪ್ಪನವರು ಕಾಗದ ಹಿಡಿದು ದಂಡೆಗೆ ಬಂದರು. ಹಿಂದೆ ಬಾಡಿಗೆ ಎತ್ತುಗಳ ನಾಲ್ಕು ಜೋಡಿ. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಹುಸೇನಬಿ ಎರಡೂ ಕೈ ಎತ್ತಿ ದುವಾ ಮಾಡಿದಳು. ಎತ್ತುಗಳು ನೀರಿಗೆ ಇಳಿದವು, ತೋಪಿಗೆ ಸರಪಳಿ ಬಿಗಿದರು, ಹುಕುಂ ಓದಿದರು. ಆಪತ್ತಿಗೆಂದು ಬೇರೆಯೇ ಎತ್ತಿಟ್ಟ ಆಸ್ತಿ ರಕ್ಷಣೆಯ ಬಾಬತ್ತಿನಿಂದ, ಹಿತ್ತಾಳೆಯ ತೋಪು ಒಂದು, ಅದರ ಬಿಡಿಭಾಗಗಳು ಸಮೇತ, ಹೊಳೆಯಿಂದ ತೆಗೆಯತಕ್ಕದ್ದು. ಅಷ್ಟೇ. ಕಾಗದ ಮಡಚಿದರು.

ತೋಪು ಅಲುಗಿತು. ಗಾಲಿ ಉರುಳಿತು, ಅದರ ಗೂಟ, ಕೀಲು, ಎಲ್ಲ ಅದರ ಜೊತೆ ಹೊರಟವು. ಏಳು ಜನ ನೀರಿನಲ್ಲಿ ನಿಂತು ಅದು ಹೋಗುವುದನ್ನು ನೋಡಿದರು. ತೊಡೆಯವರೆಗೆ ನೀರು ಬಂದಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಬದುಕಿದ್ದ ಏಳು ಜನರನ್ನು ಬಿಟ್ಟು ಒಂದು ಕೊಳವೆಯನ್ನು ಮೆರವಣಿಗೆಯಲ್ಲಿ ಒಯ್ಯುತ್ತಿದ್ದರು.

ನಾನು ಹೋಗಿ ಗುರುಪಾದಪ್ಪನವರ ಎದೆಗೆ ಎದೆ ಕೊಟ್ಟು ನಿಂತೆ.

"ಮಂದಿ ಎಲ್ಲಿ ಸಾಹೇಬ್ರ?"

"ಮಂದಿ ಖರ್ಚಿನ ಬಾಬತ್ತು ಕಾಶವ್ವಾ. ಎಷ್ಟ ಸಲ ಹೇಳಲಿ."

"ಗಾಲಿ ಬಂತಲ್ಲ. ಗಾಲಿ ಹೆಸರ ಓದಿದ್ರೇನು?"

"ಗಾಲಿ ಬಿಡಿಭಾಗ. ತೋಪಿನ ಕೂಡ ಬರ್ತೈತಿ."

"ಎತ್ತ ಮಾರಿದ್ರಿ. ಎತ್ತಿನ ಬದಲಿ ಇವರ ಹೆಗಲಿಗೆ ಹಗ್ಗ ಹಾಕಿದ್ರಿ. ಇವರಿಲ್ಲದ ಅದು ಒಂದ ಗೇಣ ಹೋಗಿಲ್ಲ. ಗಾಲಿ ಬಿಡಿಭಾಗ ಆದ್ರ ಇವರ್ಯಾಕಲ್ಲ? ಬರೀರಿ. ಇಲ್ಲಂದ್ರ ನಿಮ್ಮನ್ನ ಹಿಡಕೊಂಡ ಈ ನೀರಿಗೆ ಬೀಳ್ತೇನಿ, ನಿಮ್ಮ ಮುದ್ರಿ ಸಮೇತ."

ಅವರು ನನ್ನ ಮುಖ ನೋಡಿದರು. ಹೆದರಿದರೋ, ಹೊಳೆಯಿತೋ ಹೇಳಲಾರೆ. ಅವರ ಕಣ್ಣಲ್ಲಿ ಒಂದು ಬೆಳಕು ಬಂದದ್ದನ್ನು ಮಾತ್ರ ನಾನು ನೋಡಿದೆ. ಅದು ಕರುಣೆ ಅಂದುಕೊಂಡೆ. ತೊಡೆಯ ಮೇಲೆ ಕಾಗದ ಇಟ್ಟು ಒಂದು ಸಾಲು ಸೇರಿಸಿದರು. ಹೆಸರು ಹೇಳಲೇ ಅಂತ ಕೇಳಿದೆ. "ಬಿಡಿಭಾಗಕ್ಕ ಹೆಸರ ಇರೂದಿಲ್ಲ, ಎಣಿಕಿ ಸಾಕು," ಅಂದು ಏಳು ಎಂದು ಬರೆದು ಮುದ್ರೆ ಒತ್ತಿದರು. ಮುದ್ರೆ ಅಚ್ಚುಕಟ್ಟಾಗಿ ಬಿತ್ತು. ಓದಿದರು. ದ್ಯಾಮಣ್ಣನ ಬಲಗಾಲು ನೀರಿನಿಂದ ಮೇಲೆ ಬಂತು. ಸೊಂಟದವರೆಗೆ ಬಂದ ನೀರನ್ನು ಸೀಳಿಕೊಂಡು ಏಳೂ ಜನ ತೋಪಿನ ಹಿಂದೆ ಹಿಂದೆ ದಂಡೆಗೆ ಬಂದರು. ಊರು ಕೇಕೆ ಹಾಕಿತು. ಹುಸೇನಬಿ ನನ್ನನ್ನು ತಬ್ಬಿಕೊಂಡು ಹೆಗಲನ್ನೆಲ್ಲ ಕಣ್ಣೀರಲ್ಲಿ ತೋಯಿಸಿಬಿಟ್ಟಳು. ಅವತ್ತು ನನ್ನಷ್ಟು ಬುದ್ಧಿವಂತೆ ಊರಲ್ಲಿ ಇನ್ನೊಬ್ಬಳಿಲ್ಲ ಅಂದುಕೊಂಡೆ.

ತೋಪನ್ನು ಖಜಾನೆಯ ಮುಂದಿನ ಕಟ್ಟೆಯ ಮೇಲೆ ನಿಲ್ಲಿಸಿದರು. ತೋಪು ನಿಂತಿತು, ಏಳು ಜನರ ಪಾದಗಳೂ ನಿಂತವು. ನಿಲ್ಲಲಿ, ಪಾಡ್ಯಕ್ಕೆ ಬಿಡುಗಡೆ ಆಗುತ್ತದಲ್ಲ ಅಂದುಕೊಂಡೆವು. ಮಳೆಗಾಲ ಪೂರ್ತಿ ಬುತ್ತಿ ಒಯ್ದೆವು. ತೋಪಿಗೆ ಅಂತ ತಾಡಪತ್ರಿ ಮಂಜೂರಾಗಿತ್ತು, ಮಳೆ ಬಂದರೆ ಇವರೂ ಅದರ ಅಂಚನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತಿದ್ದರು. ಮೌಲಾಲಿಯ ನಿಕಾ ಮೊದಲೇ ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಬಲು ಒಳ್ಳೆಯ ಜನ, ತೋಪಿನ ಪಕ್ಕದಲ್ಲೇ ನಡೆಸಿಕೊಟ್ಟರು. ಹುಡುಗಿ ದಿನಾ ಸಂಜೆ ಬಂದು ಗಾಲಿಯ ಮೇಲೆ ಕೂತು ಅವನ ಜೊತೆ ಮಾತಾಡಿ ಹೋಗುವಳು.

ಪಾಡ್ಯದ ದಿನ ನಾನು ಕರಿಗಡಬು ಮಾಡಿದ್ದೆ. ಕಟ್ಟೆಯ ಸುತ್ತ ಏಳೂ ಮನೆಯವರು ಸೇರಿದ್ದೆವು. ಗಂಟೆ ಆಯಿತು. ಪೇಟೆಯಲ್ಲಿ, ಕೋಟೆಯಲ್ಲಿ, ಎಲ್ಲೆಲ್ಲೋ ನಿಂತಿದ್ದ ಸಿಪಾಯಿಗಳು ಕಾಲು ಜಾಡಿಸಿ, ಮೈ ಮುರಿದು, ನಡೆದು ಹೊರಟರು. ದ್ಯಾಮಣ್ಣ ಕಾಲೆತ್ತಲು ನೋಡಿದ. ಆಗಲಿಲ್ಲ. ಮೊದಲು ಕಾಲು ಜೋಮು ಹಿಡಿದಿದೆ ಅಂದುಕೊಂಡು ಗುದ್ದಿಕೊಂಡ. ಮೌಲಾಲಿ ತೋಪನ್ನು ಹಿಡಿದು ಜಗ್ಗಿದ. ಏಳರಲ್ಲಿ ಒಬ್ಬನ ಪಾದವೂ ನೆಲ ಬಿಡಲಿಲ್ಲ. ನಾನು ಖಜಾನೆಯ ಮೆಟ್ಟಿಲನ್ನು ಹೇಗೆ ಹತ್ತಿದೆನೋ ನನಗೇ ತಿಳಿಯದು.

"ಹೊಸ ಲೆಕ್ಕ ಸಿಪಾಯಿಗಳಿಗೆ ಕಾಶವ್ವಾ," ಅಂದರು ಗುರುಪಾದಪ್ಪನವರು, ತಲೆ ತಗ್ಗಿಸಿ. "ಇವರೀಗ ಸಿಪಾಯಿಗಳಲ್ಲ. ಆಸ್ತಿ. ತೋಪ ಎಲ್ಲಿ ಐತೋ ಅಲ್ಲೇ ಇರಬೇಕಾಗ್ತೈತಿ."

"ಎಲ್ಲೀತನಕ?"

"ತೋಪು ತೋಪಾಗಿ ಇರೂ ತನಕ."

"ಅಂದ್ರ?"

"ಹಿತ್ತಾಳಿ ನೋಡವಾ. ನೀ ಹೋದ ಮ್ಯಾಲೂ, ನಾ ಹೋದ ಮ್ಯಾಲೂ ಇರ್ತೈತಿ."

ಪಗಾರವೂ ನಿಂತುಹೋಯಿತು. ಬಿಡಿಭಾಗಕ್ಕೆ ಯಾರು ಪಗಾರ ಕೊಡುತ್ತಾರೆ? ಅದರ ಬದಲು ತಿಂಗಳಿಗೊಮ್ಮೆ ಪಾವಿನಷ್ಟು ಕುಸುಬೆ ಎಣ್ಣೆ ಮತ್ತು ಒಂದೊಂದು ಅರಿವೆ ತುಂಡು ಬರುತ್ತಿತ್ತು. ತುಕ್ಕು ಹಿಡಿಯದಿರಲಿ ಅಂತ. ಕೋಟೆಯಿಂದ ಒಬ್ಬ ಬಂದು ಕೋಲಿನಿಂದ ತೋಪಿಗೆ ಒಂದು ಏಟು ಹಾಕಿ, ಇವರ ಮೊಣಕಾಲಿಗೆ ಒಂದೊಂದು ಏಟು ಹಾಕಿ, ಎಲ್ಲ ಸುಸ್ಥಿತಿಯಲ್ಲಿದೆ ಅಂತ ಹೇಳಿ ಹೋಗುತ್ತಿದ್ದ. ದ್ಯಾಮಣ್ಣ ಮಾತು ಕಡಿಮೆ ಮಾಡಿದ. ರೊಟ್ಟಿಯ ಬಿಸಿ ಆರಿದೆ ಅಂತ ಜಗಳ ತೆಗೆಯುವವನು, ತಂಗಳು ಕೊಟ್ಟರೂ ಸುಮ್ಮನೆ ತಿನ್ನತೊಡಗಿದ. ಒಂದು ಮಧ್ಯಾಹ್ನ ನೋಡಿದರೆ ಕೊಟ್ಟ ಎಣ್ಣೆಯನ್ನು ಅರಿವೆಗೆ ಹಾಕಿಕೊಂಡು ತನ್ನ ಮೊಣಕಾಲಿಗೆ ತಿಕ್ಕುತ್ತ ಕೂತಿದ್ದ. ನಾನು ಅದನ್ನು ಕಸಿದುಕೊಂಡು ರಸ್ತೆಗೆ ಚೆಲ್ಲಿದೆ. ಅವನು ಖಾಲಿ ಕೈಯಿಂದಲೇ ಮೊಣಕಾಲು ತಿಕ್ಕುತ್ತ ಕೂತ. ಅವನನ್ನು ನೀರಿನಿಂದ ಎತ್ತಿ ತಂದು ಇಲ್ಲಿ ಹುಗಿದವಳು ನಾನೇ ಅಂತ ಅವತ್ತು ಬಾಯಿಬಿಟ್ಟು ಅತ್ತೆ.

ಇಷ್ಟರ ಮೇಲೆ ಒಂದು ದಿನ ಗುರುಪಾದಪ್ಪನವರು ಬಹಳ ಖುಷಿಯಲ್ಲಿ ಊಟಕ್ಕೆ ಬಂದರು. ಎಂದೂ ಇಲ್ಲದವರು ಎರಡು ಚಟ್ನಿಪುಡಿ ಹೇಳಿದರು. ಪಕ್ಕದ ಮಣೆಯ ಮೇಲೆ ಕೂತವರಿಗೂ ಕೇಳುವಂತೆ ಮಾತು ತೆಗೆದರು.

"ಕಾಶವ್ವಾ, ನಿನ್ನ ಉಪಕಾರ ಮರಿಯೂಹಂಗಿಲ್ಲ. ಮಂಡಳಿಯಾಗ ನಿನ್ನ ಹೆಸರ ಹೇಳಿದೆ. ಇಷ್ಟ ವರ್ಷ ಮಿತಿ ಮಿತಿ ಅಂತ ತಲಿ ಕೆಡಿಸಿಕೊಂಡಿದ್ವಿ. ಪಗಾರದ್ದ ದೊಡ್ಡ ಭಾರ. ಈಗ ನೋಡು, ಮಂದೀನ ಆಸ್ತಿ ಬಾಬತ್ತಿಗೆ ಹಾಕಿದ್ರ ಪಗಾರ ಇಲ್ಲ, ಮಿತಿ ಮುಟ್ಟೂದಿಲ್ಲ. ಎರಡನೇ ತೋಪ ತರಸಾಕತ್ತೇವಿ. ಮೊದಲಿನದಕ್ಕಿಂತ ದೊಡ್ಡದು. ನಾಲ್ವತ್ತು ಬಿಡಿಭಾಗ."

"ನಾಲ್ವತ್ತು ಹುಡುಗರು," ಅಂದೆ.

"ಅಂದ್ರ, ಹೌದು. ಊಟ ಹೆಂಗೂ ಮನಿಯವರ ಒಯ್ದ ಕೊಡ್ತಾರ. ರೂಢಿ ಆಗೇತಿ."

ಹೊಳೆಯ ದಂಡೆಯ ಮೇಲೆ ಅವರ ಕಣ್ಣಲ್ಲಿ ಕಂಡ ಬೆಳಕು ಎಂಥದ್ದು ಅಂತ ನನಗೆ ಆಗ ತಿಳಿಯಿತು. ನಾವು ಪ್ರೀತಿಯಿಂದ ಒಯ್ದ ಬುತ್ತಿಯನ್ನು ಇವರು ಉಳಿತಾಯದಲ್ಲಿ ಸೇರಿಸಿಕೊಂಡಿದ್ದರು. ಚಪ್ಪರ ಕಟ್ಟಿದ್ದು, ಸ್ಟೂಲು ಇಟ್ಟದ್ದು, ಮೌಲಾಲಿಯ ಹೆಂಡತಿ ಗಾಲಿಯ ಮೇಲೆ ಕೂತು ಸಂಸಾರ ಮಾಡಿದ್ದು, ನಾವು ಹೊಂದಿಕೊಂಡದ್ದೆಲ್ಲ ಇವರಿಗೆ ಜಮೆ. ಅವರು ತುತ್ತು ಎತ್ತಿದ್ದರು. ನಾನು ಅವರ ಮುಂದಿನ ತಾಟು ಎಳೆದುಕೊಂಡೆ. ಉಣ್ಣುವವರ ಮುಂದಿನ ತಾಟು ಎಳೆದವಳಲ್ಲ ನಾನು, ನನ್ನ ಅವ್ವನೂ ಅಲ್ಲ. ಖಾನಾವಳಿ ಪೂರ್ತಿ ಕೈ ನಿಲ್ಲಿಸಿ ನೋಡಿತು. "ಏಳ್ರಿ," ಅಂದೆ. ತುತ್ತು ಕೈಯಲ್ಲಿ ಹಿಡಿದುಕೊಂಡೇ ಅವರು ಎದ್ದು ಹೋದರು.

ಅಲ್ಲಿಂದ ನೇರ ಕಮ್ಮಾರ ಮಾನಪ್ಪನ ಕುಲುಮೆಗೆ ಹೋದೆ. ತೋಪು ತೋಪಾಗಿ ಇರುವ ತನಕ ಅಂದಿದ್ದರಲ್ಲ. ಅದನ್ನು ಒಡೆಯಲು ಆಗುತ್ತದೇನು ಅಂತ ಕೇಳಿದೆ. ಹಿತ್ತಾಳೆ ಒಡೆಯುವುದು ನಿನ್ನಿಂದ ಆಗದ ಮಾತು, ಅಂದ. ಆದರೆ ತೋಪಿನ ಬೆನ್ನ ಮೇಲೆ ಬತ್ತಿ ಇಡುವ ಸಣ್ಣ ಕಿಂಡಿ ಇರುತ್ತದೆ, ಬೆಂಕಿ ಹೋಗುವ ದಾರಿ ಅದೊಂದೇ. ಅದಕ್ಕೆ ಉಕ್ಕಿನ ಮೊಳೆ ಜಡಿದು ತಲೆ ಮುರಿದರೆ ಅದು ಮತ್ತೆಂದೂ ಹಾರುವುದಿಲ್ಲ, ಹಾರದ ಮೇಲೆ ಅದು ತೋಪಲ್ಲ, ಬರೀ ಕೊಳವೆ. ದಂಡಿನವರೆಲ್ಲರಿಗೂ ಗೊತ್ತಿರುವ ಸಂಗತಿಯಂತೆ. ಮಾನಪ್ಪ ಮೊಳೆ ಮಾಡಿಕೊಟ್ಟ, ಸುತ್ತಿಗೆಯನ್ನೂ ಕೊಟ್ಟ. ನಾನೂ ಬರಲೇ ಅಂದ. ಬೇಡ, ನಿನ್ನ ಮಗ ಕೋಟೆಯಲ್ಲಿ ಇದ್ದಾನೆ, ಅಂದೆ.

ಕಟ್ಟೆಗೆ ಹೋದಾಗ ಹಾಡುಹಗಲು. ಹುಸೇನಬಿ ಎಲ್ಲಿಂದಲೋ ಸುದ್ದಿ ಹಿಡಿದು ನನಗಿಂತ ಮೊದಲೇ ಅಲ್ಲಿದ್ದಳು. ಕಾವಲಿಗೆ ನಾಲ್ಕು ಸಿಪಾಯಿಗಳಿದ್ದರು. ಗುರುಪಾದಪ್ಪನವರು ಖಜಾನೆಯ ಕಿಟಕಿಯಿಂದ ನನ್ನ ಕೈಯಲ್ಲಿದ್ದದ್ದು ನೋಡಿ ಮೆಟ್ಟಿಲಿಳಿದು ಓಡಿ ಬಂದರು.

"ಕಾಶವ್ವಾ, ಬ್ಯಾಡ. ತೋಪು ಹೋದ್ರ ಬಿಡಿಭಾಗ ಏನಾಗ್ತಾವು ಅಂತ ಯಾರಿಗೂ ಗೊತ್ತಿಲ್ಲ. ನಿನ್ನ ತಮ್ಮ ಅಂವ. ವಿಚಾರ ಮಾಡು."

ಆ ಒಂದು ಮಾತು ನನ್ನ ಕೈ ಹಿಡಿದು ನಿಲ್ಲಿಸಿತು. ಸುಳ್ಳಲ್ಲ, ನನಗೂ ಅದೇ ಹೆದರಿಕೆ ಇತ್ತು. ಒಮ್ಮೆ ನನ್ನ ಬುದ್ಧಿ ನಂಬಿ ಅವನನ್ನು ಇಲ್ಲಿಗೆ ತಂದಿದ್ದೆ. ಇನ್ನೊಮ್ಮೆ ನಂಬಲು ಧೈರ್ಯ ಬರಲಿಲ್ಲ. ಹುಸೇನಬಿಯನ್ನು ನೋಡಿದೆ, ಅವಳು ಮಗನನ್ನು ನೋಡಿದಳು. ನಾನು ದ್ಯಾಮಣ್ಣನ ಹತ್ತಿರ ಹೋಗಿ ಕೇಳಿದೆ.

"ಏನಾಗ್ತೈತೋ ಗೊತ್ತಿಲ್ಲೋ ತಮ್ಮಾ. ತೋಪಿನ ಕೂಡ ನೀನೂ ಹೋದ್ರ?"

"ಅಕ್ಕಾ, ಮೊನ್ನೆ ಅಂವ ಕೋಲಿನಿಂದ ಬಡದಾಗ ನನಗ ನೋವಾಗಲಿಲ್ಲ," ಅಂದ ದ್ಯಾಮಣ್ಣ. "ಅದಕ್ಕ ಅಂಜಿಕಿ ಬಂದೈತಿ. ಜಡಿ."

ಮೌಲಾಲಿ, ಉಳಿದವರು, ಒಬ್ಬೊಬ್ಬರಾಗಿ ಜಡಿ ಅಂದರು. ಗುರುಪಾದಪ್ಪನವರು ಕಾವಲಿನವರ ಕಡೆ ತಿರುಗಿ ಹಿಡಿಯಿರಿ ಅಂದರು. ಆ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೇ ತೋಪಿನ ಸುದ್ದಿ ಅವರಿಗೂ ಬಂದಿತ್ತು. ನಾಲ್ವರೂ ಬೆನ್ನು ತಿರುಗಿಸಿ ಬೀದಿಯ ಕಡೆ ಮುಖ ಮಾಡಿ ನಿಂತರು.

ಕಿಂಡಿಯ ಮೇಲೆ ಮೊಳೆ ಇಟ್ಟು ಹೊಡೆದೆ. ಮೊದಲನೆಯ ಏಟು ಜಾರಿ ಹೆಬ್ಬೆರಳು ಜಜ್ಜಿತು. ಮತ್ತೆ ಹೊಡೆದೆ. ಮಾರಿದ ಎತ್ತುಗಳಿಗಾಗಿ ಹೊಡೆದೆ, ಜಮಖಾನದ ಮೇಲಿನ ದೊಡ್ಡವರಿಗಾಗಿ ಹೊಡೆದೆ, ಬರೆದುಕೊಟ್ಟ ಆ ಒಂದು ಸಾಲಿಗಾಗಿ ಹೊಡೆದೆ. ಮೊಳೆ ಇಳಿಯಿತು. ಅಡ್ಡ ಹೊಡೆದು ತಲೆ ಮುರಿದೆ. ತೋಪಿನಿಂದ ಸದ್ದು ಬರುತ್ತದೆ, ಏನೋ ಆಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಹಿಂದೆ ತಿರುಗಿ ನೋಡಲು ಹೆದರಿ ಅದರ ಮೇಲೆ ಕೈಯಿಟ್ಟು ಹಾಗೇ ನಿಂತೆ. ಆಮೇಲೆ ಹುಸೇನಬಿ ಉಸಿರೆಳೆದದ್ದು ಕೇಳಿಸಿತು. ತಿರುಗಿದರೆ ಮೌಲಾಲಿ ಅವ್ವನ ಕಡೆ ಎರಡು ಹೆಜ್ಜೆ ಇಟ್ಟಿದ್ದ. ದ್ಯಾಮಣ್ಣ ಕಟ್ಟೆಯಿಂದ ಇಳಿಯಲು ಹೋಗಿ ಮುಗ್ಗರಿಸಿ ಬಿದ್ದ, ಮೊಣಕಾಲು ಒಡೆದು ರಕ್ತ ಬಂತು. "ಉರೀತೈತಿ," ಅಂದ. ಉರಿಯುತ್ತದೆ ಅಂತ ಹೇಳಿ ಅಲ್ಲೇ ನೆಲದ ಮೇಲೆ ಕೂತು ನಕ್ಕ.

ಗುರುಪಾದಪ್ಪನವರು ಆಸ್ತಿ ಹಾಳಾಯಿತು ಅಂತ ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತರು. ಮಂಡಳಿ ಆ ಏಳು ಜನರನ್ನು ಗುಜರಿ ಅಂತ ಬರೆದು ತೆಗೆದುಹಾಕಿದೆ. ಹಿಂದಿನ ಪಗಾರವಿಲ್ಲ, ಮುಂದಿನದೂ ಇಲ್ಲ. ನನ್ನ ಮೇಲೆ ವಿಚಾರಣೆ ಇದೆಯಂತೆ, ಕರೆದಾಗ ಹೋಗುತ್ತೇನೆ, ಹೇಳುವುದು ಬಹಳ ಇದೆ. ಖಾನಾವಳಿ ನಡೆದಿದೆ. ದ್ಯಾಮಣ್ಣ ಹಿಟ್ಟು ನಾದುತ್ತಾನೆ, ನಾದುವಾಗ ಒಂದು ಕಡೆ ನಿಲ್ಲಲಾರ, ಅಡುಗೆಮನೆಯ ತುಂಬ ಓಡಾಡುತ್ತಾನೆ. ಬೈದು ಬೈದು ನನಗೂ ಸಾಕಾಗಿದೆ.

ಎರಡನೇ ತೋಪು ನಿನ್ನೆ ಊರಿನ ಬಡಗಣ ಅಗಸೆಬಾಗಿಲಿಗೆ ಬಂದು ನಿಂತಿದೆ. ದೊಡ್ಡದೇ. ಬಾಯಿಗೆ ಹುಲಿಯ ಮುಖ ಮಾಡಿಸಿದ್ದಾರೆ. ನಾಲ್ವತ್ತು ಹುಡುಗರನ್ನು ಆರಿಸಿದ್ದಾರೆ, ಹುಕುಂ ಓದುವುದೊಂದು ಬಾಕಿ. ಇವತ್ತು ಬೆಳಿಗ್ಗೆ ದ್ಯಾಮಣ್ಣ ಹೇಳದೆ ಕೇಳದೆ ಎದ್ದು ಹೊರಗೆ ಹೋಗಿದ್ದ. ಎಲ್ಲಿ ಹೋದನೋ ಅಂತ ನಾನು ಬಾಗಿಲಲ್ಲಿ ನಿಂತಿದ್ದಾಗ ಕುಲುಮೆಯ ಓಣಿಯಿಂದ ನಡೆದು ಬಂದ. ಮಾನಪ್ಪನ ಕೈಯಲ್ಲಿ ಇನ್ನೊಂದು ಮೊಳೆ ಮಾಡಿಸಿಕೊಂಡು ಬಂದಿದ್ದಾನೆ. ಮೊದಲಿನದಕ್ಕಿಂತ ಉದ್ದವಾಗಿದೆ.